ಮಾವನ ಹಲ್ಲು, ವಕೀಲರ ಮಾತು

ನನ್ನ ಮಾವ ತಮ್ಮ ಮುಂದಿನ ಹಲ್ಲಿನ ಒಂದು ಚೂರನ್ನು, ಅಂಗಡಿಯಲ್ಲಿ ವಾಷರ್ ಹಾಕಿ ಕೊಡುವ ಪುಟ್ಟ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಕೊಂಡು ಪುತ್ತೂರಿನಿಂದ ಕಡಬಕ್ಕೆ ಬಸ್ಸಿನಲ್ಲಿ ತಂದರು. ಬರುತ್ತೇನೆಂದು ಫೋನು ಕೂಡ ಮಾಡಿರಲಿಲ್ಲ. ಕ್ಲಿನಿಕ್ಕಿನ ಹೊರಗೆ ಉಳಿದವರ ಜೊತೆ ಕುಳಿತು, ಸರದಿ ಬಂದಾಗ ಒಳಗೆ ಬಂದು, ತೊಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟು, "ಇದನ್ನು ವಾಪಸ್ ಅಂಟಿಸ್ಲಿಕ್ಕೆ ಆಗ್ತದಾ ನೋಡು" ಎಂದರು. ಪಂಪ್‌ಸೆಟ್ಟು, ಪೈಪು ಮಾರುವವರ ತಲೆ ಓಡುವುದೇ ಹಾಗೆ. ಬಿಡಿಭಾಗ ಸಿಗದ ವಸ್ತು ಲೋಕದಲ್ಲಿಲ್ಲ ಎಂದು ಅವರ ನಂಬಿಕೆ.

ನಾನು ಹಲ್ಲಿನ ಡಾಕ್ಟರು. ಸುಳ್ಯದಲ್ಲಿ ಓದಿ, ಕಡಬ ಪೇಟೆಯ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಕೆಳಗಿನವರು ಹಲ್ಲು ಹಾಳು ಮಾಡಿ ಮೇಲೆ ಕಳಿಸುತ್ತಾರೆ ಎಂದು ಊರಿನವರು ತಮಾಷೆ ಮಾಡುತ್ತಾರೆ, ಅದರಲ್ಲಿ ಸುಳ್ಳೇನೂ ಇಲ್ಲ. ಮಾವ ಎಂದರೆ ನನ್ನ ಅಮ್ಮನ ಅಣ್ಣ. ಮನೆಯ ತುಳುವಿನಲ್ಲಿ ನಾನು ಕರೆಯುವುದು ತಮ್ಮಲೆ ಎಂದು, ಇಲ್ಲಿ ಮಾವ ಎಂದೇ ಬರೆಯುತ್ತೇನೆ. ಕಬಕದ ಹತ್ತಿರ ಮನೆ, ಪುತ್ತೂರಿನಲ್ಲಿ ಅಂಗಡಿ. ಆದರೆ ಅವರು ನಿಜವಾಗಿ ಬದುಕುವುದು ಭಾನುವಾರ ಮಾತ್ರ, ತಾಳಮದ್ದಳೆಯ ಕೂಟದಲ್ಲಿ.

ತಾಳಮದ್ದಳೆಯನ್ನು ಕಂಡಿಲ್ಲದವರಿಗಾಗಿ ಎರಡು ಮಾತು. ಇದರಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಚೆಂಡೆ ಮದ್ದಳೆಯ ಜೊತೆ ಒಂದು ಪದ್ಯ ಹಾಡುತ್ತಾರೆ. ಆಮೇಲೆ ಪಂಚೆ ಶಾಲು ಹಾಕಿಕೊಂಡು ಕುಳಿತ ಅರ್ಥಧಾರಿಗಳು ಅರಸನೋ ದೂತನೋ ಆಗಿ, ಆ ಪದ್ಯಕ್ಕೆ ಅಲ್ಲಿಂದಲ್ಲಿಗೇ ಮಾತು ಹುಟ್ಟಿಸಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಹೀಗೆ ಆಡುವ ಮಾತಿಗೇ ಅರ್ಥ ಎಂದು ಹೆಸರು. ಕಥೆಯಲ್ಲಿ ಯಾರು ಗೆಲ್ಲುತ್ತಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಆದರೂ ಇವರ ಜಗಳ ನೋಡಿದರೆ, ಇವತ್ತು ಕಥೆಯೇ ಬದಲಾಗಿಬಿಡುತ್ತದೋ ಎಂದು ಭಯವಾಗುತ್ತದೆ.

ಮಾವ ಯಾವಾಗಲೂ ಅರಸ. ಎದುರಿಗೆ ಯಾವಾಗಲೂ ಸುಳ್ಯದ ಒಬ್ಬ ವಕೀಲರು. ನಾನು ಚಿಕ್ಕವಳಿದ್ದಾಗಿನಿಂದಲೂ ಈ ಜೋಡಿ ಹಾಗೆಯೇ. ಮಾವ ನಮ್ಮ ಮನೆಗೆ ಬಂದರೆ ಬೆಲ್ಲ ನೀರು ಕುಡಿಯುವುದಕ್ಕೂ ಮೊದಲು ಬರುವ ಮಾತು, "ಆ ವಕೀಲ ಮೊನ್ನೆ ಎಂತ ಹೇಳಿದ ಗೊತ್ತುಂಟಾ" ಎಂದು.

ಅವತ್ತು ಕುರ್ಚಿಯಲ್ಲಿ ಮಲಗಿಸಿ ಬಾಯಿ ತೆರೆಸಿದೆ. ತೆರೆಸಿ ನೋಡಿದಾಗ ನನಗಾದದ್ದು ಸಂತೋಷ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಸವೆದ ಹಲ್ಲನ್ನು ನಾನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದೆ. ಮುಂದಿನ ಹಲ್ಲುಗಳು ಅರ್ಧಕ್ಕೆ ಇಳಿದಿದ್ದವು. ಮೇಲಿನ ಬಿಳಿ ಗಟ್ಟಿ ಪದರ ಹೋಗಿ ಒಳಗಿನ ಹಳದಿ ಕಾಣುತ್ತಿತ್ತು. ದವಡೆ ಹಲ್ಲುಗಳ ಗುಡ್ಡ ಕಣಿವೆಗಳೆಲ್ಲ ಮಾಯವಾಗಿ ಅಂಗಳದ ಹಾಗೆ ಸಪಾಟಾಗಿದ್ದವು. ಹಲ್ಲು ಗಿಡ್ಡವಾದಷ್ಟೂ ಬಾಯಿ ಹೆಚ್ಚು ಮುಚ್ಚುತ್ತದೆ, ಮೂಗಿಗೂ ಗದ್ದಕ್ಕೂ ನಡುವಿನ ದೂರ ಕಡಿಮೆಯಾಗುತ್ತದೆ, ಮುಖ ಕುಗ್ಗಿದಂತೆ ಕಾಣುತ್ತದೆ. ಮಾವನಿಗೆ ವಯಸ್ಸಾಯಿತು ಎಂದು ಮನೆಯವರೆಲ್ಲ ಅಂದುಕೊಂಡದ್ದರಲ್ಲಿ ಅರ್ಧ ಪಾಲು ಹಲ್ಲಿನದೇ ಆಗಿತ್ತು.

"ಚಂದ ಉಂಟು ಮಾವ" ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

"ಎಂತ ಚಂದ ಮಾರಾಯ್ತಿ" ಎಂದು ಅವರು ಎದ್ದು ಕುಳಿತರು. ಆಮೇಲೆ ಸ್ವಲ್ಪ ಹೊತ್ತು ತೊಟ್ಟೆಯನ್ನೇ ನೋಡುತ್ತಿದ್ದರು. ಹೋದ ಕೂಟದಲ್ಲಿ ಮಾತಿನ ನಡುವೆ ಗಾಳಿ ಸೋರಿತಂತೆ, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರಂತೆ. ಮಳೆ ಹಿಡಿಯುವ ಮೊದಲು ಪುತ್ತೂರಿನಲ್ಲಿ ಒಂದು ದೊಡ್ಡ ಕೂಟ ಇತ್ತು. ಅದರಲ್ಲೂ ಹಾಗೇ ಆದರೆ ಅರ್ಥ ಹೇಳುವುದನ್ನು ಅಲ್ಲಿಗೇ ಬಿಡುತ್ತೇನೆಂದು ಅವರು ತೀರ್ಮಾನ ಮಾಡಿಯೇ ಬಂದಿದ್ದರು. "ಅರ್ಥ ಹೇಳ್ಲಿಕ್ಕೆ ಆಗದಿದ್ರೆ ನಾನು ಬರೇ ಪೈಪು ಮಾರುವವ" ಎಂದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಸಂತೋಷ ಅಲ್ಲಿಗೆ ನಿಂತಿತು, ಹಟ ಶುರುವಾಯಿತು.

ಸವೆದ ಹಲ್ಲನ್ನು ಕಟ್ಟುವ ಮೊದಲು ಅದು ಯಾಕೆ ಸವೆಯಿತೆಂದು ಕೇಳಬೇಕು. ಇಲ್ಲದಿದ್ದರೆ ಕಟ್ಟಿದ್ದೂ ಅದೇ ದಾರಿ ಹಿಡಿಯುತ್ತದೆ. ಹುಳಿ ಹೆಚ್ಚು ಕುಡಿದರೆ ಹಲ್ಲಿನ ಮೇಲೆ ಬಟ್ಟಲಿನಂಥ ಗುಳಿ ಬೀಳುತ್ತದೆ, ಮಾವನಿಗೆ ಅದಿರಲಿಲ್ಲ. ಕರಿಪುಡಿ ಹಾಕಿ ತಿಕ್ಕುವವರಿಗೆ ಹೊರಬದಿ ಸವೆಯುತ್ತದೆ, ಅದೂ ಇಲ್ಲ. ಎಲೆ ಅಡಿಕೆಯನ್ನು ಅತ್ತೆ ಎಂದೋ ಬಿಡಿಸಿದ್ದರು. ಮಾವನ ಮೇಲಿನ ಹಲ್ಲಿನ ಹೊಳಪಿನ ಜಾಗ ಕೆಳಗಿನ ಹಲ್ಲಿನ ಹೊಳಪಿನ ಜಾಗಕ್ಕೆ ಸರಿಯಾಗಿ ಕೂರುತ್ತಿತ್ತು. ಎಂದರೆ ಹಲ್ಲೇ ಹಲ್ಲನ್ನು ತಿಂದಿದೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೋ ಎಂದು ಅತ್ತೆಗೆ ಫೋನು ಮಾಡಿ ಕೇಳಿದೆ. "ಗೊರಕೆ ಉಂಟು. ಬಾಯಿ ತೆರೆದೇ ಮಲಗುದು. ತೆರೆದ ಬಾಯಲ್ಲಿ ಹಲ್ಲು ಕಡೀಲಿಕ್ಕೆ ಆಗ್ತದಾ ಡಾಕ್ಟ್ರೆ" ಎಂದು ಅತ್ತೆ ತಿರುಗಿ ನನ್ನನ್ನೇ ಕೇಳಿದರು. ಅತ್ತೆ ನನ್ನನ್ನು ಡಾಕ್ಟ್ರೆ ಎನ್ನುವುದು ಕೀಟಲೆಗೆ.

ಕಾರಣ ಸಿಗಲಿಲ್ಲ, ಕೂಟ ಮಾತ್ರ ಹತ್ತಿರ ಬರುತ್ತಿತ್ತು. ಮೊದಲು ಹಲ್ಲು ಎತ್ತರಿಸಿ ನೋಡುವ ಎಂದು ನಿಶ್ಚಯಿಸಿದೆ. ಹಲ್ಲಿನದೇ ಬಣ್ಣದ ಸಿಮೆಂಟಿನಂಥ ವಸ್ತುವನ್ನು ಒಂದೊಂದಾಗಿ ಎಲ್ಲ ಹಲ್ಲಿಗೂ ಕಟ್ಟುವುದು. ಒಗ್ಗಿದರೆ ಮುಂದೆ ಅದೇ ಎತ್ತರಕ್ಕೆ ಗಟ್ಟಿ ಕ್ಯಾಪ್ ಹಾಕುವುದು. ಕಟ್ಟಿದ ಮೇಲೆ ನೀಲಿ ಕಾಗದ ಇಟ್ಟು, "ಕಚ್ಚಿ, ಉಜ್ಜಿ" ಎಂದು ಹೇಳಿದರೆ ಎಲ್ಲಿ ಹೆಚ್ಚು ತಾಗುತ್ತದೋ ಅಲ್ಲಿ ನೀಲಿ ಚುಕ್ಕೆ ಬೀಳುತ್ತದೆ. ಆ ಚುಕ್ಕೆಯ ಜಾಗವನ್ನು ಯಂತ್ರದಲ್ಲಿ ಸವರಿ ತಗ್ಗಿಸಬೇಕು, ಮತ್ತೆ ಕಚ್ಚಿಸಬೇಕು. ಎಲ್ಲ ಹಲ್ಲೂ ಒಟ್ಟಿಗೆ, ಸಮವಾಗಿ ಕೂಡಬೇಕು. ಒಂದೇ ಒಂದು ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಇಡೀ ದವಡೆ ಅದನ್ನು ತಪ್ಪಿಸಲು ವಾರೆಯಾಗಿ ನಡೆಯಲು ಶುರುಮಾಡುತ್ತದೆ. "ಪಂಪಿನ ಅಲೈನ್‌ಮೆಂಟ್ ಅಲ್ವಾ ಇದು" ಎಂದರು ಮಾವ, ನೀಲಿ ತುಟಿಯಲ್ಲಿ. ಹೌದು ಎಂದೆ. ಅವರಿಗೆ ನನ್ನ ವಿದ್ಯೆಯ ಮೇಲೆ ಮೊದಲ ಸಲ ಗೌರವ ಬಂತು.

ಎತ್ತರ ಸರಿಯಾಗಿದೆಯೋ ಎಂದು ತಿಳಿಯಲು ಮಾತಾಡಿಸಿ ನೋಡುವುದು ಪದ್ಧತಿ. ಸಕಾರ ಹೇಳುವಾಗ ಮೇಲಿನ ಕೆಳಗಿನ ಮುಂದಿನ ಹಲ್ಲುಗಳು ತಾಗಿಯೂ ತಾಗದಷ್ಟು ಹತ್ತಿರ ಬರುತ್ತವೆ, ಆ ಸಂದಿಯಲ್ಲೇ ಗಾಳಿ ಹೊರಡುತ್ತದೆ. ಇಂಗ್ಲಿಷಿನಲ್ಲಿ ಅರವತ್ತರ ನಂತರದ ಅಂಕಿಗಳನ್ನು ಎಣಿಸಲು ಹೇಳಿ ಎನ್ನುತ್ತದೆ ಪುಸ್ತಕ. ಮಾವನ ಇಂಗ್ಲಿಷ್ ಅಂಕಿಗಳು ಪೈಪಿನ ಇಂಚಿನಲ್ಲೇ ಮುಗಿಯುತ್ತವೆ. ಹಾಗಾಗಿ ನಾವು ಎಂದಿನಂತೆ ತುಳುವಿನಲ್ಲೇ ಮಾತಾಡಿದೆವು. ಅಂಗಡಿಯ ಸುದ್ದಿ, ಅತ್ತೆಯ ಸುದ್ದಿ, ಕುಮಾರಧಾರೆಯಲ್ಲಿ ನೀರು ಇಳಿದ ಸುದ್ದಿ. ಒಂದು ಅಕ್ಷರ ತಪ್ಪಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು ಮಾವ ಮೀಸೆಯ ಮೇಲೆ ಕೈಯಾಡಿಸಿದರು. ಮುಖ ನಿಜವಾಗಿಯೂ ಮೇಲೆ ಎದ್ದಿತ್ತು. ನಾನು ಬೇಕರಿಯಿಂದ ಪಫ್ಸ್ ತರಿಸಿ ಕುಣಿಯುವುದೊಂದು ಬಾಕಿ.

ಮರುದಿನ ಸಂಜೆ ಅತ್ತೆಯ ಫೋನು. "ಡಾಕ್ಟ್ರೆ, ನಿಮ್ಮ ಮಾವ ಸಿಳ್ಳೆ ಹೊಡೀತಿದ್ದಾರೆ. ಆಚೆಮನೆ ನಾಯಿ ನಮ್ಮ ಜಗಲಿಗೆ ಬಂದು ಕೂತಾಯ್ತು."

ಹಿಂದಿನಿಂದ ಮಾವನ ಅರ್ಥ ಕೇಳುತ್ತಿತ್ತು. ಕೂಟಕ್ಕೆ ತಯಾರಿ. "ಶಸ್ತ್ರವನ್ನು ಶಾಸ್ತ್ರ ಶಾಸಿಸಬೇಕು, ಶಾಸ್ತ್ರವನ್ನು ಸತ್ಯ ಶಾಸಿಸಬೇಕು, ಈ ಸಿಂಹಾಸನ ಎರಡಕ್ಕೂ ಸಾಕ್ಷಿ." ಪ್ರತಿ ಶಕಾರಕ್ಕೂ ಬಸ್ಸಿನ ಕಂಡಕ್ಟರ್ ಸಿಳ್ಳೆ, ಪ್ರತಿ ಸಕಾರಕ್ಕೂ ಹಲ್ಲಿಗೆ ಹಲ್ಲು ಬಡಿದ ಟಕ್ ಎಂಬ ಸದ್ದು. ಸಿಂಹಾಸನದಲ್ಲಿ ಎರಡೆರಡು ಟಕ್. ನಾನು ಫೋನನ್ನು ಎದೆಗೆ ಒತ್ತಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಕ್ಕು ಮುಗಿದ ಮೇಲೆ ಅಳು ಬರುವ ಹಾಗಾಯಿತು. ಅಂಗಡಿಯ ತುಳುವಿಗೆ ಬೇಕಾದ ಬಾಯಿಯೇ ಬೇರೆ, ಅರಸನ ಕನ್ನಡಕ್ಕೆ ಬೇಕಾದ ಬಾಯಿಯೇ ಬೇರೆ. ಅರ್ಥ ಹೇಳುವಾಗ ಮಾವನ ಗದ್ದ ಮುಂದಕ್ಕೆ ಬರುತ್ತದೆ, ದನಿ ಏರುತ್ತದೆ, ಶ ಷ ಸ ಎಲ್ಲವೂ ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರಿಗೆ ಬೇರೆಬೇರೆಯಾಗಿ ಕೇಳಬೇಕು. ನಾನು ಅರಸನನ್ನು ಬಿಟ್ಟು ಪೈಪಿನ ವ್ಯಾಪಾರಿಯ ಹಲ್ಲು ಸರಿಮಾಡಿದ್ದೆ.

ಮರುದಿನವೇ ಮಾವನನ್ನು ಕರೆಸಿ, ಇಲ್ಲೇ ಅರ್ಥ ಹೇಳಿ ಎಂದೆ. ಮಲಗಿಕೊಂಡು ಹೇಳುವುದಿಲ್ಲ ಎಂದರು. "ಅರಸ ಮಲಗಿ ಮಾತಾಡುದುಂಟಾ." ಕುರ್ಚಿಯನ್ನು ನೆಟ್ಟಗೆ ಮಾಡಿದೆ. ಅವರು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ನಾನು ಕಟ್ಟಿದ ಪ್ಲಾಸ್ಟಿಕ್ ಎದೆವಸ್ತ್ರವನ್ನು ಹೆಗಲಿಗೆ ಎಳೆದು ಶಾಲು ಮಾಡಿಕೊಂಡು, ದೀಪ ಮುಖಕ್ಕೆ ಬರುವಂತೆ ತಾವೇ ತಿರುಗಿಸಿದರು. ಗಂಟಲು ಸರಿಮಾಡಿ ಶುರುಮಾಡಿದರು. ಒಂದು ವಾಕ್ಯ ಅರ್ಥ, ಆಮೇಲೆ ನೀಲಿ ಕಾಗದ, ಆಮೇಲೆ ನನ್ನ ಯಂತ್ರದ ಗುಂಯ್, ಮತ್ತೆ ಅರ್ಥ. ಸಿಳ್ಳೆ ಸಣ್ಣದಾಗುತ್ತಾ ಬಂತು. ಹೊರಗೆ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಕೆನ್ನೆ ಊದಿದ ಒಬ್ಬ ಹೆಂಗಸು ಪ್ಲಾಸ್ಟಿಕ್ ಕುರ್ಚಿಯನ್ನೇ ಎತ್ತಿಕೊಂಡು ಒಳಗೆ ಬಂದು ಕುಳಿತರು. ಬೇಕರಿಯವರು ಕೈಯ ಹಿಟ್ಟು ಒರೆಸಿಕೊಂಡು ಮೆಟ್ಟಿಲೇರಿ ಬಂದರು. ಕೊನೆಗೆ "ಸಿಂಹಾಸನ" ಎಂಬ ಶಬ್ದ ಒಂದು ಗೀರೂ ಇಲ್ಲದೆ, ಪೂರ್ತಿ ಗಾತ್ರದಲ್ಲಿ ಹೊರಗೆ ಬಂದಾಗ ಬಾಗಿಲಲ್ಲಿ ಚಪ್ಪಾಳೆ ಬಿತ್ತು. ಕೆನ್ನೆ ಊದಿದವರು, "ನನ್ನದನ್ನು ನಾಳೆ ಕಿತ್ತರೂ ಅಡ್ಡಿಲ್ಲ, ಇವ್ರು ಮುಗಿಸಲಿ" ಎಂದರು. ನನ್ನ ಕಾಲು ಆ ದಿನ ನೆಲದ ಮೇಲೆ ಇರಲಿಲ್ಲ.

ಒಂದು ವಾರವೂ ಕಳೆಯಲಿಲ್ಲ, ಕಟ್ಟಿದ್ದು ಮುಂದಿನ ಎಡಮೂಲೆಯಲ್ಲಿ ಒಡೆಯಿತು. ಮತ್ತೆ ಕಟ್ಟಿದೆ. ಮತ್ತೆ ಅಲ್ಲೇ ಒಡೆಯಿತು. "ಎಂತ ತಿಂದಿರಿ" ಎಂದು ರೇಗಿದೆ. "ಗಂಜಿ" ಎಂದರು. ಅತ್ತೆಯೂ ಗಂಜಿಯೇ ಎಂದು ಸಾಕ್ಷಿ ಹೇಳಿದರು. ಮಾತಾಡುವಾಗ ಒಡೆಯುತ್ತದೆಯೇ ಎಂದರೆ, ಅವತ್ತು ಸವರಿದ ಮೇಲೆ ಮಾತಾಡುವಾಗ ಹಲ್ಲು ತಾಗುವುದೇ ಇಲ್ಲವೆಂದು ನಾನೇ ನೀಲಿ ಕಾಗದದಲ್ಲಿ ನೋಡಿದ್ದೆ. ಒಂದು ವಿಷಯ ಮಾತ್ರ ಗಮನಕ್ಕೆ ಬಂತು. ಎರಡು ಸಲವೂ ಒಡೆದದ್ದು ಸಣ್ಣಪುಟ್ಟ ಕೂಟಕ್ಕೆ ಹೋಗಿಬಂದ ಮೇಲೆ. ದೊಡ್ಡ ಕೂಟಕ್ಕೆ ಉಳಿದಿದ್ದದ್ದು ಇನ್ನೊಂದೇ ಭಾನುವಾರ.

ಆ ಭಾನುವಾರ ನೆಟ್ಟಣದ ಹತ್ತಿರ ಒಬ್ಬರ ಮನೆಯ ಅಂಗಳದಲ್ಲಿ ಮಧ್ಯಾಹ್ನದ ಕೂಟ ಇತ್ತು. ಕ್ಲಿನಿಕ್ಕಿಗೆ ಬೀಗ ಹಾಕಿ ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಮಾವ ಅರಸ, ಸುಳ್ಯದ ವಕೀಲರು ಸಂಧಾನಕ್ಕೆ ಬಂದ ದೂತ. ಎಲ್ಲರೂ ಮಾತು ಕೇಳಲು ಬಂದಿದ್ದರೆ ನಾನು ಮಾವನ ಕೆನ್ನೆ ನೋಡಲು ಬಂದಿದ್ದೆ. ಮಾವ ಮಾತಾಡುವಷ್ಟು ಹೊತ್ತು ಕೆನ್ನೆ ಸಡಿಲವಾಗಿಯೇ ಇತ್ತು. ಆಮೇಲೆ ವಕೀಲರು ಶುರುಮಾಡಿದರು. ಅವರ ಮಾತು ನಯ, ನಿಧಾನ, ಒಳಗೊಳಗೇ ಚುಚ್ಚುವಂಥದ್ದು. "ಅರಸರು ದೊಡ್ಡವರು. ತಮ್ಮ ಬಾಯಿಂದ ಇಂಥ ಮಾತು ಬಂದದ್ದು ತಮಗೆ ತಿಳಿಯದೆ ಇರಬಹುದು" ಎಂದರು. ಮಾವನ ಮುಖದಲ್ಲಿ ಅರಸನಿಗೆ ತಕ್ಕ ಮುಗುಳ್ನಗೆ ಹಾಗೇ ಇತ್ತು. ಆದರೆ ಕಿವಿಯ ಕೆಳಗೆ ಕೆನ್ನೆಯ ಸ್ನಾಯು ಗೋಲಿಯಂತೆ ಉಬ್ಬಿತು. ಇಳಿಯಿತು. ಮತ್ತೆ ಉಬ್ಬಿತು. ಗದ್ದ ಮೆಲ್ಲಗೆ ಎಡಕ್ಕೆ ಜಾರಿ ಅಲ್ಲೇ ಅರೆಯತೊಡಗಿತು.

ಎದುರಾಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕುವುದು ಮಾವನ ಪ್ರಕಾರ ಮರ್ಯಾದೆಗೇಡು. ಮುಖ ಸಿಂಡರಿಸಿದರೆ ಪಾತ್ರ ಕೆಡುತ್ತದೆ. ಇಷ್ಟು ವರ್ಷದ ಸಿಟ್ಟಿಗೆ ಹೋಗಲು ಉಳಿದ ಜಾಗ ಹಲ್ಲೊಂದೇ. ಮಾವನ ಹಲ್ಲು ಸವೆದದ್ದು ಆ ವಕೀಲರ ಮಾತು ಕೇಳಿ ಕೇಳಿ. ಇದು ಹೊಳೆದದ್ದೇ ನನಗೆ ನಗು ತಡೆಯಲಾಗಲಿಲ್ಲ. ದೂತನು ವಿಧವೆಯರ ಕಣ್ಣೀರಿನ ವಿಷಯ ಹೇಳುತ್ತಿದ್ದಾಗ ಮುಂದಿನ ಸಾಲಿನಲ್ಲಿ ಒಬ್ಬಳೇ ಗೊಳ್ಳೆಂದು ನಕ್ಕ ಹೆಂಗಸು ನಾನು. ಭಾಗವತರು ಕನ್ನಡಕದ ಮೇಲಿನಿಂದ ನೋಡಿದರು. ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿ ಅಲ್ಲಿ ಉಳಿದದ್ದನ್ನು ನಕ್ಕು ಮುಗಿಸಿದೆ.

ಕಾರಿನಲ್ಲಿ ಮಾವನಿಗೆ ಹೇಳಿದೆ. ಅವರು ನಂಬಲಿಲ್ಲ. "ನಾನು ಹಲ್ಲು ಕಡಿಯುದಾ" ಎಂದರು. ವಕೀಲರ ಆ ಮಾತನ್ನೇ ಅವರದೇ ರಾಗದಲ್ಲಿ ಹೇಳಿ, ಮಾವನ ಕೈಯನ್ನು ಅವರ ಕೆನ್ನೆಗೇ ಹಿಡಿಸಿದೆ. ಗೋಲಿ ಕೈಗೆ ಸಿಕ್ಕಿತು. ಮಾವ ಬೆಚ್ಚಿಬಿದ್ದರು. ನೆಟ್ಟಣದ ರೈಲ್ವೆ ಸ್ಟೇಷನ್ ದಾಟುವವರೆಗೂ ಕೈ ಕೆನ್ನೆಯ ಮೇಲೆಯೇ ಇತ್ತು.

ಮದ್ದು ಸುಲಭ, ಮಾಡುವುದು ಕಷ್ಟ. ತುಟಿ ಮುಚ್ಚಿರಬೇಕು, ಒಳಗೆ ಮೇಲಿನ ಕೆಳಗಿನ ಹಲ್ಲು ದೂರವಿರಬೇಕು, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಒರಗಿರಬೇಕು. ಸುಮ್ಮನಿರುವಾಗ ಬಾಯಿ ಇರಬೇಕಾದದ್ದೇ ಹಾಗೆ. ಹಲ್ಲಿಗೆ ಹಲ್ಲು ತಾಗಬೇಕಾದದ್ದು ಅಗಿಯುವಾಗ, ನುಂಗುವಾಗ ಅಷ್ಟೆ. ಅತ್ತೆಗೆ ತರಬೇತಿ ಕೊಟ್ಟೆ. ಅವರು ದೋಸೆ ಹೊಯ್ಯುತ್ತಾ ವಕೀಲರ ದನಿಯಲ್ಲಿ ಮಾವನನ್ನು ಚುಚ್ಚಬೇಕು, ಮಾವ ಹಲ್ಲಿಗೆ ಹಲ್ಲು ತಾಗಿಸದೆ ಕೇಳಬೇಕು. ಆ ವಾರ ಅತ್ತೆಯಷ್ಟು ಖುಷಿಯಲ್ಲಿದ್ದವರು ಪುತ್ತೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಇಷ್ಟು ವರ್ಷ ಗಂಡನನ್ನು ಕೇಳಬೇಕೆಂದಿದ್ದದ್ದನ್ನೆಲ್ಲ ಅವರು ದೂತನ ಬಾಯಲ್ಲಿ ಕೇಳಿಬಿಟ್ಟರು.

ದೊಡ್ಡ ಕೂಟದ ದಿನ ಸಭಾಭವನ ತುಂಬಿತ್ತು. ಬೆಳಿಗ್ಗೆ ಮೂಲೆಯ ಹಲ್ಲನ್ನು ಮತ್ತೆ ಕಟ್ಟಿ ಕಳಿಸಿದ್ದೆ. ಅದು ಸಂಜೆವರೆಗೆ ನಿಂತರೆ ಮಾವ ಅರಸ, ನಿಲ್ಲದಿದ್ದರೆ ಪೈಪು. ಮಾವನ ಮೊದಲ ಮಾತು ಸಿಳ್ಳೆ ಇಲ್ಲದೆ ದಾಟಿತು. ವಕೀಲರು ಶುರುಮಾಡಿದರು. ಮಾವ ತುಟಿ ಮುಚ್ಚಿ ಕೇಳುತ್ತಾ ಕುಳಿತರು. ಕೆನ್ನೆ ಕದಲಲಿಲ್ಲ. ವಕೀಲರು ಒಂದು ಚುಚ್ಚುಮಾತು ಬಿಟ್ಟು ಮಾವನ ಕಡೆ ನೋಡಿದರು. ಇನ್ನೊಂದು ಬಿಟ್ಟು ಮತ್ತೆ ನೋಡಿದರು. ದನಿ ಏರಿಸಿದರು, ಇಳಿಸಿದರು, ತಮ್ಮ ಹಳೆಯ ಅಸ್ತ್ರಗಳನ್ನೆಲ್ಲ ಹೊರಗೆ ತೆಗೆದರು. ಕೊನೆಗೆ ಯಾಕೋ ಮಾತು ಮೆತ್ತಗಾಯಿತು. ಚುಚ್ಚುವುದನ್ನು ಬಿಟ್ಟು, ಯುದ್ಧ ಬೇಡ ಎಂದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೇಳುವ ಹಾಗೆ ಹೇಳಿ, ಎಂದಿಗಿಂತ ಬೇಗ ನಿಲ್ಲಿಸಿದರು.

ಮಾವ ದೂತನ ವಾದವನ್ನೇ ಮೊದಲಿಂದ, ಒಂದು ಎಳೆಯೂ ಬಿಡದೆ ತಿರುಗಿ ಹೇಳಿದರು. ಇದು ನ್ಯಾಯ, ಇದು ನನಗೆ ತಿಳಿಯುತ್ತದೆ, ತಿಳಿದೂ ಒಪ್ಪಲಾರದ ಸ್ಥಾನದಲ್ಲಿ ಕುಳಿತಿದ್ದೇನೆ ಎಂದರು. ಆಮೇಲೆ "ಈ ಸಿಂಹಾಸನ" ಎಂದು ನಿಲ್ಲಿಸಿದರು. ಆ ಶಬ್ದ ಭವನದ ಕೊನೆಯ ಗೋಡೆಯವರೆಗೆ ಹೋಯಿತು. ಯಾರೂ ಕೆಮ್ಮಲಿಲ್ಲ. ನನ್ನ ಕಣ್ಣು ತುಂಬಿ ಮುಂದಿನದು ಸರಿಯಾಗಿ ಕಾಣಲೇ ಇಲ್ಲ. ಎದ್ದು ಕುರ್ಚಿಯ ಮೇಲೆ ನಿಂತು, ಆ ಹಲ್ಲು ಕಟ್ಟಿದವಳು ನಾನು ಎಂದು ಕೂಗಬೇಕೆನಿಸಿತು.

ಕೂಟ ಮುಗಿದ ಮೇಲೆ ಮಾವನನ್ನು ಭವನದ ಮೆಟ್ಟಿಲ ಮೇಲೆ ಕೂರಿಸಿ ಬಾಯಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಮೂಲೆ ಹಾಗೇ ಇತ್ತು. ಅಷ್ಟರಲ್ಲಿ ವಕೀಲರು ಶಾಲು ಮಡಿಸುತ್ತಾ ಬಂದರು. ಮುಖ ಸಪ್ಪಗಿತ್ತು.

"ಎಂತ ಮಾರಾಯ್ರೆ, ಇವತ್ತು ನನ್ನ ಮಾತು ತಾಗ್ಲೇ ಇಲ್ವಾ? ನಿಮ್ಮ ಕೆನ್ನೆ ಉಬ್ಬಿದ್ರೆ ನನಗೆ ಗೊತ್ತಾಗುದು, ಹಾಂ, ತಾಗಿತು ಅಂತ. ಇಷ್ಟು ವರ್ಷ ಅದನ್ನೇ ನೋಡಿ ಮಾತಾಡುದು ನಾನು. ಇವತ್ತು ಉಬ್ಬಲೇ ಇಲ್ಲ. ನನಗೆ ಕೈಕಾಲೇ ಬಿದ್ದುಹೋಯ್ತು."

ಮಾವ ನನ್ನ ಟಾರ್ಚನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ತಾಗಿತು ವಕೀಲ್ರೆ. ಸಮಾ ತಾಗಿತು. ಇಷ್ಟು ವರ್ಷ ನೀವು ಮಾತಾಡುವಾಗ ನಾನು ಹಲ್ಲು ಕಡೀತಿದ್ದೆ ಅಂತೆ, ಇವಳು ಹೇಳಿದ್ಳು. ನಿಮ್ಮ ಮಾತನ್ನು ಪೂರ್ತಿ ಕೇಳಿದ್ದು ನಾನು ಇವತ್ತೇ."

ವಕೀಲರು ಮಾವನ ಪಕ್ಕದಲ್ಲಿ ಅದೇ ಮೆಟ್ಟಿಲ ಮೇಲೆ ಕುಳಿತರು.

"ಹಾಗಾದ್ರೆ ಹಿಂದಿನದ್ದೆಲ್ಲ ಇನ್ನೊಮ್ಮೆ ಹೇಳ್ಬೇಕಾ?"

"ಹೇಳಿ" ಎಂದರು ಮಾವ. ಕಾರಿನ ಕೀಲಿ ಕೈಯಲ್ಲಿ ಹಿಡಿದುಕೊಂಡು ನಾನೂ ಕೆಳಗಿನ ಮೆಟ್ಟಿಲಲ್ಲಿ ಕುಳಿತೆ. ವಕೀಲರು ಮೊದಲಿಂದ ಶುರುಮಾಡಿದರು.